ಜಗಲಿ ಮೇಲೆ ಹಾಕಿ ನೋಡಿದ ಸಿಲಿಂಡರು

"ಮೂರು ಮಕ್ಕಳನ್ನ ಇದೇ ಕೈಯಲ್ಲಿ ಮೀಯಿಸಿ ದೊಡ್ಡ ಮಾಡಿದ್ದೇನೆ ಮಾದೇವಕ್ಕ. ಗೊತ್ತಿರೋ ಕೆಲಸಾನೇ ಮತ್ತೆ ಎಂತಕ್ಕೆ ಕಲೀಬೇಕು?"

ಗುಲಾಬಿಗೆ ತಡೆಯೋಕಾಗ್ಲಿಲ್ಲ, ಕೇಳೇಬಿಟ್ಲು. ಎಳೆ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕೋ ಕೆಲಸ ಕಲಿಯೋಕೆ ಮಾದೇವಕ್ಕನ ಹತ್ರ ಬಂದು ಒಂದು ತಿಂಗಳಾಯ್ತು. ಇಷ್ಟು ದಿನ ಮಾಡಿದ್ದೆಂತ? ಕರೆದ ಮನೆಯಲ್ಲಿ ಮೂಲೆ ಹಿಡಿದು ನೋಡೋದು, ವಾಪಸ್ ಬಂದು ಕೂಸಿನ ಬದಲು ಮಂಗಳೂರು ಸೌತೆಕಾಯಿಗೆ ಎಣ್ಣೆ ಸವರೋದು. ಇವತ್ತು ಬಂದರಿನ ಕಡೆಯ ಒಂದು ಮನೆಯವರು ತಾವಾಗೇ ಗುಲಾಬಿಯನ್ನ ಕರೆದಿದ್ರು. ಎಂಟು ತಿಂಗಳಿಗೇ ಹುಟ್ಟಿದ ಕೂಸು. ಇಪ್ಪತ್ತೈದು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ನಿನ್ನೆ ಮನೆಗೆ ಬಂದಿತ್ತು. ಇವತ್ತು ಮೊದಲ ನೀರು. ಗುಲಾಬಿ ಒಬ್ಬಳೇ ಬರ್ಲಿ ಅಂತ ಬೇರೆ ಹೇಳಿ ಕಳಿಸಿದ್ರು. ಮಾದೇವಕ್ಕ ಬಂದ್ರೆ ಹಂಡೆಯ ನೀರು ಕಾಯೋದ್ರೊಳಗೆ ಮನೆ ಸುದ್ದಿಯೆಲ್ಲ ಬಂದರು ಸುತ್ತಿ ಬರ್ತದೆ ಅಂತ ಅವರ ಹೆದರಿಕೆ. ಅದನ್ನ ಗುಲಾಬಿ ಹೇಳ್ಲಿಲ್ಲ. ಹೇಳದಿದ್ರೂ ಮಾದೇವಕ್ಕನಿಗೆ ಗೊತ್ತಿತ್ತು, ಅವಳಿಗೆ ಗೊತ್ತಾಗದ್ದು ಯಾವುದುಂಟು?

ಗುಲಾಬಿ ಬಾಗಿಲಿಗೂ ಒಲೆಗೂ ಓಡಾಡ್ತಿದ್ಲು. ಕರೆಯೋಕೆ ಈಗ ಬರ್ತಾರೆ, ಇನ್ನೊಂದು ಗಳಿಗೆಗೆ ಬರ್ತಾರೆ.

"ಕೂತ್ಕೋ ಮಾರಾಯ್ತಿ, ನೆಲ ಸವೀತದೆ" ಅಂದ್ಲು ಮಾದೇವಕ್ಕ. "ನಾನೂ ಬರ್ತೇನೆ, ನಾಲ್ಕು ದಿನ ಪಕ್ಕದಲ್ಲಿದ್ದು ನಿನ್ನ ಕೈ ನೋಡ್ತೇನೆ ಅಂದ್ರೆ ನಿನಗೆ ಉರೀತದೆ. ಉರೀಲಿ. ಒಂದು ಕತೆ ಹೇಳ್ತೇನೆ. ಅದಕ್ಕೆ ಮೊದಲು ಆಣೆ ಹಾಕು."

"ಕತೆಗೆಂತ ಆಣೆ?"

"ಈ ಎಣ್ಣೆ ಗಿಂಡಿ ಮುಟ್ಟಿ ಹೇಳು, ಯಾರ ಹತ್ರಾನೂ ಬಾಯಿ ಬಿಡೋದಿಲ್ಲ ಅಂತ. ಈ ಕತೆಯವನ ಹೆಂಡತಿ ನನ್ನ ಕೈಯಲ್ಲೂ ಆಣೆ ಹಾಕಿಸ್ಕೊಂಡೇ ಹೇಳಿದ್ದು. ಇವತ್ತಿನವರೆಗೆ ಒಂದು ನರಪಿಳ್ಳೆಗೂ ಹೇಳಿದವಳಲ್ಲ ನಾನು. ಮೀನು ಒಣಗಿಸೋ ಕಡೆ ಇಬ್ಬರಿಗೆ ಹೇಳಿರಬಹುದು, ಅವರೆಂತ ಹೊರಗಿನವರಾ?"

ಗುಲಾಬಿ ಗಿಂಡಿ ಮುಟ್ಟಿದ್ಲು. ಮಾದೇವಕ್ಕ ದನಿ ಇಳಿಸಿದ್ಲು.

"ಒಬ್ಬ ಮುಳುಗುವವ ಇದ್ದ."

"ಯಾರು, ನಿಮ್ಮ ಪಕ್ಕದ ಮನೆಯ..."

"ಹೆಸರು ಹೇಳ್ಬೇಡ! ಒಬ್ಬ ಮುಳುಗುವವ ಅಂದೆ. ಅಷ್ಟೇ."

ಸಮುದ್ರದ ಅಡಿಯ ಕಲ್ಲಿಗೆ ಬಲೆ ಸಿಕ್ಕಿಬಿದ್ರೆ ಬೋಟಿನವರು ಅವನನ್ನೇ ಕರೆಯೋದು. ಸೊಂಟಕ್ಕೆ ಒಂದು ಚೂರಿ, ಎದೆ ತುಂಬ ಒಂದು ಉಸಿರು. ಹಾರಿದ ಅಂದ್ರೆ ಬಲೆ ಬಿಡಿಸದೆ ಮೇಲೆ ಬರೋದಿಲ್ಲ. ಮೇಲಿದ್ದವರು ಬೀಡಿ ಹಚ್ಚಿ, ಅದು ಅರ್ಧ ಉರಿಯೋವರೆಗೆ ನೀರನ್ನೇ ನೋಡ್ತಾ ಕೂರೋರು. ನಲವತ್ತು ವರ್ಷ ಇದೇ ಅವನ ಅನ್ನ, ಇದೇ ಅವನ ಮರ್ಯಾದೆ.

ವಯಸ್ಸು ಐವತ್ತು ದಾಟಿತು. ಒಂದು ಮುಳುಗಿಗೆ ಆಗ್ತಿದ್ದ ಕೆಲಸಕ್ಕೆ ಮೂರು ಬೇಕಾಯ್ತು, ಐದು ಬೇಕಾಯ್ತು. ಬೋಟಿನವರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಒಂದು ಸಲ ಅವನನ್ನ ಕರೆಯದೆ ಬಲೆಯನ್ನೇ ಕೊಯ್ದು ಬಿಟ್ಟು ಬಂದ್ರು. ಅದು ತಾಗಿತು ಅವನಿಗೆ. ಆವತ್ತಿಂದ ಕೂತ್ರೆ ಇಲ್ಲ, ನಿಂತ್ರೆ ಇಲ್ಲ. ಕೆನ್ನೆ ಉಬ್ಬಿಸ್ಕೊಂಡು ಅಂಗಳದಲ್ಲಿ ಶತಪಥ ಹಾಕೋದು. ಉಂಡ ಕೈ ತೊಳೆಯೋದ್ರೊಳಗೆ ಕಡಲ ಕಡೆ ಹೋಗಿ ಬರೋದು. ಬಚ್ಚಲ ಬಾಗಿಲು ಹಾಕ್ಕೊಂಡು ಉಸಿರು ಕಟ್ಟಿ ಎಣಿಸೋದು. ಒಂದು ದಿನ ಹೆಂಡತಿ, ಗಂಡ ಒಳಗೇ ಹೋಗಿಬಿಟ್ಟ ಅಂತ ಬಾಗಿಲು ಬಡಿದು ಬೊಬ್ಬೆ ಹಾಕಿದ್ಲು. ಇವ ಹೊರಗೆ ಬಂದವನೇ, "ನಿನ್ನಿಂದ ಎಂಬತ್ತಕ್ಕೇ ನಿಂತುಹೋಯ್ತು!" ಅಂತ ಅವಳಿಗೇ ಬೈದ.

ಅಷ್ಟರಲ್ಲಿ, ಪ್ರವಾಸಿಗಳನ್ನ ಸಮುದ್ರಕ್ಕೆ ಇಳಿಸೋ ಒಬ್ಬ ತನ್ನ ಸಾಮಾನು ಮಾರ್ತಾನೆ ಅಂತ ಸುದ್ದಿ ಬಂತು. ಬೆನ್ನಿಗೆ ಕಟ್ಟೋ ಗಾಳಿ ಸಿಲಿಂಡರು, ಬಾಯಿಗಿಡೋ ನಳಿಗೆ, ಕಣ್ಣಿಗೆ ಗಾಜು, ಕಾಲಿಗೆ ಬಾತುಕೋಳಿಯ ಹಾಗಿನ ಪಾದ. ಮುಳುಗುವವ ಆವತ್ತೇ ಹೋದ.

ಮಾರುವವ ಒಳ್ಳೆಯವ. "ಅಣ್ಣ, ಈಗಲೇ ಬೇಡ. ಎರಡು ದಿನ ನಮ್ಮ ಈಜುಕೊಳಕ್ಕೆ ಬನ್ನಿ. ನೀರಲ್ಲಿ ಹಾಕಿ ನೋಡಿ, ಆಮೇಲೆ ತಗೊಳ್ಳಿ. ಇದ್ರಲ್ಲಿ ಉಸಿರಾಡೋ ಕ್ರಮ ಉಂಟಲ್ಲ, ಅದು..."

"ನೀನು ನನಗೆ ನೀರು ತೋರಿಸ್ತೀಯಾ? ನಿನ್ನಪ್ಪ ಮೇಲಿಂದ ಬಲೆ ಎಳೀವಾಗ ಅಡಿಯಲ್ಲಿ ಇದ್ದವ ನಾನು."

ಮಾರುವವನ ಉಳಿದ ಮಾತು ಬಾಯಲ್ಲೇ ಉಳೀತು.

ಮನೆಗೆ ತಂದು ಜಗಲಿ ಮೇಲೆ ಹಾಕಿ ನೋಡಿದ. ಕೇರಿಗೆ ಕೇರಿಯೇ ಬಂದು ನಿಂತಿತು. ಮದುಮಗನ ಹಾಗೆ ಮಣೆ ಮೇಲೆ ಕೂತು, ನಳಿಗೆ ಕಚ್ಚಿ, ಬುಸ್ ಬುಸ್ ಅಂತ ಉಸಿರಾಡಿದ. ಪಾದ ಹಾಕ್ಕೊಂಡು ಪಚ ಪಚ ಅಂತ ಅಂಗಳ ಸುತ್ತಿದ. ಎಲ್ಲ ಸರಿ ಉಂಟು ಅಂದ್ರು. ಮುದುಕರಿಂದ ಹಿಡಿದು ಎಲ್ರೂ ಒಂದೊಂದು ಉಸಿರು ಎಳೆದು ರುಚಿ ನೋಡಿದ್ರು.

"ನೀವೂ ನೋಡಿದ್ರಾ?" ಅಂದ್ಲು ಗುಲಾಬಿ.

"ಬಿಡ್ತೇನಾ? ರಬ್ಬರ್ ಚಪ್ಪಲಿ ಕಚ್ಚಿದ ಹಾಗಿತ್ತು. ನಡುವೆ ಬಾಯಿ ಹಾಕ್ಬೇಡ, ಕೇಳು."

ಜನ ಚೆದುರಿದ ಮೇಲೆ ಹೆಂಡತಿ ಮೆಲ್ಲ ಹೇಳಿದ್ಲು: "ಜಗಲಿ ಮೇಲೆ ನನಗೂ ಉಸಿರಾಡೋಕೆ ಬರ್ತದೆ. ಒಂದ್ಸಲ ಹೊಳೆಯಲ್ಲಿ, ಸೊಂಟಮಟ್ಟ ನೀರಲ್ಲಿ ಹಾಕಿ ನೋಡಿ."

ಆಗ ಅವನ ಬಾಯಿಂದ ನಿಜ ಬಂತು. "ಹೊಳೆಯಲ್ಲಿ ಚಿಪ್ಪು ಹೆಕ್ಕೋ ಹೆಂಗಸರಿದ್ದಾರೆ. ನಾನು ಸೊಂಟಮಟ್ಟ ನೀರಲ್ಲಿ ಮಗುವಿನ ಹಾಗೆ ಬಡಿದಾಡೋದನ್ನ ಅವರು ನೋಡ್ಬೇಕಾ? ಆಮೇಲೆ ಯಾವ ಬೋಟಿನವ ನನ್ನ ಕರೀತಾನೆ?"

ಕೇರಿಯವರು ಉಸಿರಾಡಿ ಖಾಲಿ ಮಾಡಿದ ಸಿಲಿಂಡರನ್ನ ಇವ ತುಂಬಿಸ್ಕೊಂಡು ಬಂದ. ನಾಲ್ಕು ದಿನಕ್ಕೆ ಒಂದು ಬೋಟಿನ ಬಲೆ ಕಲ್ಲಿಗೆ ಬಿತ್ತು, ಕರೆ ಬಂತು, ಹೋದ.

ಇಳಿದ. ಎಂತದೂ ಆಗ್ಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ಅವ ಸಮುದ್ರದ ಅಡಿಯಲ್ಲಿ ಅವಸರ ಇಲ್ಲದೆ ಕೂತ. ಯಾವಾಗ್ಲೂ ತಡಕಿ ತಡಕಿ ಬಲೆ ಬಿಡಿಸಿ ಓಡ್ತಿದ್ದ ಕಲ್ಲು ಅದು, ಅದಕ್ಕೆ ಎಂತ ಬಣ್ಣ ಅಂತ ಆವತ್ತು ನೋಡಿದ. ಒಂದು ಮೀನು ಅವನ ಮೂಗಿನ ಹತ್ರ ಬಂದು ನಿಂತಿತು. ಇವ ಅದನ್ನ ನೋಡ್ತಾ, ಒಂದೊಂದೇ ಗಂಟು ಬಿಡಿಸ್ತಾ, ಇನ್ನು ಹತ್ತು ವರ್ಷ ನನ್ನ ಯಾರೂ ಅಲುಗಾಡಿಸೋ ಹಾಗಿಲ್ಲ ಅಂದ್ಕೊಂಡ.

ಕೊನೇ ಗಂಟು ಬಿಟ್ಟದ್ದೇ ತಡ, ಬಲೆ ಸಟ್ಟಂತ ಮೇಲೆದ್ದು ಅವನ ಮೈಗೆ ಉಜ್ಜಿತು. ಬೆಚ್ಚಿಬಿದ್ದ. ಬೆಚ್ಚಿದಾಗ ಯೋಚನೆ ಎಲ್ಲಿರ್ತದೆ? ಮೈ ತನಗೆ ಗೊತ್ತಿದ್ದ ಕೆಲಸ ಮಾಡಿತು. ಎದೆ ತುಂಬ ಉಸಿರು ಎಳೀತು, ಬಿಗಿಯಾಗಿ ಹಿಡಿದ್ಕೊಂಡಿತು, ಕಾಲು ಒದ್ದು ಬಾಣದ ಹಾಗೆ ಮೇಲೆ ಬಂತು.

ಬೋಟಿನವರು ಕೈ ಕೊಟ್ಟು ಎಳ್ಕೊಂಡಾಗ ಬಾಯಲ್ಲಿ ನೊರೆ ನೊರೆ ರಕ್ತ. ಆಸ್ಪತ್ರೆಯಲ್ಲಿ ಹೆಂಡತಿ ಪಕ್ಕದಲ್ಲೇ ಇದ್ಲು. ಡಾಕ್ಟರು ಕೇಳಿದ್ದು ಒಂದೇ ಮಾತು: "ಮೇಲೆ ಬರ್ವಾಗ ಉಸಿರು ಹಿಡಿದಿದ್ರಾ?"

"ಮತ್ತೆ? ನೀರಲ್ಲಿ ಯಾರಾದ್ರೂ ಉಸಿರು ಬಿಡ್ತಾರಾ?"

ಡಾಕ್ಟರು ಹಣೆ ಉಜ್ಜಿಕೊಂಡ್ರು. ಮೊದಲಾದ್ರೆ ಅವ ಮೇಲಿಂದ ತಗೊಂಡು ಹೋದ ಉಸಿರು, ಅಷ್ಟೇ ತಿರುಗಿ ಬರ್ತಿತ್ತು. ಸಿಲಿಂಡರಿನ ಗಾಳಿ ಹಾಗಲ್ಲವಂತೆ. ಅಡಿಯಲ್ಲಿ ಎಳ್ಕೊಂಡದ್ದು ಮೇಲೆ ಬರ್ತಾ ಬರ್ತಾ ಉಬ್ತದಂತೆ. ಬಿಡ್ತಾ ಬಂದ್ರೆ ತಾನಾಗೇ ಹೋಗ್ತದೆ, ಹಿಡ್ಕೊಂಡ್ರೆ ಎದೆ ಹರೀತದೆ. ಮಾರುವವ ಹೇಳೋಕೆ ಹೊರಟಿದ್ದ ಮಾತು ಅದೇ.

ಜೀವ ಉಳೀತು. ಇನ್ನು ತಲೆ ಮುಳುಗೋಷ್ಟು ನೀರಿಗೆ ಇಳೀಬಾರ್ದು ಅಂದ್ರು. ಸಿಲಿಂಡರು ಇದ್ರೂ ಸರಿ, ಇಲ್ಲದಿದ್ರೂ ಸರಿ. ಐದು ಮುಳುಗಿಗಾದ್ರೂ ಬಿಡಿಸ್ತಿದ್ದನಲ್ಲ, ಅದೂ ಹೋಯ್ತು. ಈಗ ಊರಿಗೆಲ್ಲ ಹೇಳ್ಕೊಂಡು ತಿರುಗ್ತಾನೆ, ಸಾಮಾನು ಕೆಟ್ಟಿತ್ತು, ಮಾರಿದವ ಮೋಸ ಮಾಡಿದ ಅಂತ. ಸಾಮಾನಿಗೆ ಎಂತದೂ ಆಗಿಲ್ಲ. ಅದನ್ನ ಘಟ್ಟದ ಮೇಲಿನ ಒಬ್ಬ ಮೇಷ್ಟ್ರು ತಗೊಂಡ. ಮೊಣಕಾಲು ನೆನೆದ್ರೆ ದೇವರ ಹೆಸರು ಹೇಳ್ತಿದ್ದ ಜನ ಅದು! ಎಂಟು ದಿನ ಕೊಳದಲ್ಲಿ ಬಿದ್ದು ಎದ್ದು, ಕಂಡಕಂಡವರನ್ನ ಕೇಳಿ ಕಲಿತು, ಈಗ ಭಾನುವಾರ ಭಾನುವಾರ ಅದೇ ಸಿಲಿಂಡರು ಕಟ್ಕೊಂಡು ಇಳಿದು, ನಗ್ತಾ ಮೇಲೆ ಬರ್ತಾನೆ.

ಮಾದೇವಕ್ಕ ನಿಲ್ಲಿಸಿದ್ಲು. ಗುಲಾಬಿ ಮತ್ತೆ ಎದ್ದು ನಿಂತಿದ್ಲು.

"ಅವನಿಗೆ ಅಹಂಕಾರ ಮಾದೇವಕ್ಕ, ಅನುಭವಿಸಿದ. ನನಗೆಂತ ಅಹಂಕಾರ? ಎಣ್ಣೆ ನೀರು ಹಾಕೋದು ಒಂದೇ ಅಲ್ವಾ? ನನ್ನ ಮೂರನ್ನೂ ಕಾಲ ಮೇಲೆ ಹಾಕ್ಕೊಂಡು, ಕೈಕಾಲು ಹೀಗೆ ಎಳೆದು, ಬೆನ್ನು ಹೀಗೆ ತಟ್ಟಿ, ಚೊಂಬು ಎತ್ತಿ ಹೀಗೆ ಸುರಿದು..."

ಗಾಳಿಯಲ್ಲೇ ಎಳೆದ್ಲು, ತಟ್ಟಿದ್ಲು, ಸುರಿದ್ಲು. ದಿನ ತುಂಬಿ ಹುಟ್ಟಿದ, ಮೂರೂವರೆ ಕಿಲೋದ ಗಟ್ಟಿ ಮಕ್ಕಳಿಗೆ ಹೇಗೋ ಹಾಗೇ. ಮಾದೇವಕ್ಕ ಆ ಕೈಗಳನ್ನ ನೋಡಿದ್ಲು.

ಹೊರಗೆ ಬೇಲಿಯ ದಣಪೆ ಸರಿದ ಸದ್ದಾಯ್ತು. ಚಪ್ಪಲಿಯ ಸದ್ದು ಅಂಗಳ ದಾಟಿತು.

"ಗುಲಾಬೀ, ನೀರು ಕಾದಿದೆ. ಹೊರಟ್ಯಾ?"

"ಶ್, ಬಂದ್ರು. ಇನ್ನು ಸುಮ್ನಿರು" ಅಂತ ಮಾದೇವಕ್ಕ ಸೆರಗು ಕೊಡವಿ ಎದ್ಲು. ಬಾಗಿಲ ಕಡೆ ತಿರುಗಿ, ಹೊರಗಿನವರಿಗೆ ಕೇಳಿಸದ ಹಾಗೆ ಹೇಳಿದ್ಲು:

"ಆ ಕೈಗೆ ಎಂತದೂ ಗೊತ್ತಿಲ್ದಿದ್ರೆ ನಿನ್ನನ್ನ ಒಬ್ಬಳನ್ನೇ ಕಳಿಸ್ತಿದ್ದೆ ಮಾರಾಯ್ತಿ."

ಹೊರಗಿಂದ ಎರಡನೇ ಸಲ ಕೂಗಿದ್ರು. ಗುಲಾಬಿ ತನ್ನ ಎರಡೂ ಕೈ ತಿರುಗಿಸಿ ನೋಡ್ಕೊಂಡ್ಲು.