ಬಾಗಿಲು ಕಿತ್ತಿಟ್ಟ ನೇಕಾರ

"ಬುದ್ಧಿ, ಹಳೆಯ ಪಂಚಾಂಗದ ತಂತ್ರಾಂಶವನ್ನು ಹೊಸ ಕಂಪ್ಯೂಟರು ಒಳಗೆ ಬಿಡುವುದಿಲ್ಲ. ಕಾವಲಿಗಿರುವ ಆ್ಯಂಟಿವೈರಸ್ಸನ್ನು ಆಫ್ ಮಾಡಿದರೆ ಬಿಡುತ್ತದಂತೆ. ಆರಿಸುವುದು ತಪ್ಪೇ?"

ಕೇಳಿದವನು ಶಿಷ್ಯ ನಿಜಗುಣ. ಪಂಚಾಂಗ ನೋಡಿ ಭಕ್ತರಿಗೆ ಒಳ್ಳೆಯ ದಿನ ಹೇಳುವುದು ಮಠದಲ್ಲಿ ಅವನ ಕೆಲಸ. ಹಿಂದಿನ ಸ್ವಾಮಿಗಳು ಆಡಿದ ಮಾತುಗಳನ್ನೆಲ್ಲ ಬರೆದಿಟ್ಟಿದ್ದೂ ಅದೇ ಹೊಸ ಕಂಪ್ಯೂಟರಿನಲ್ಲಿ.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳಿದರು.

ಒಬ್ಬ ನೇಕಾರನಿದ್ದ. ಅವನ ತಂದೆ ಬರೆದ ಸೀರೆಯಂಚಿನ ಚಿತ್ತಾರಗಳು ಊರಿನಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ. ಅವೆಲ್ಲ ಒಂದು ಹಳೆಯ ಕಂಪ್ಯೂಟರಿನಲ್ಲಿದ್ದವು. ಅವುಗಳನ್ನು ತೆರೆಯಲು ಬರುತ್ತಿದ್ದುದು ಒಂದೇ ತಂತ್ರಾಂಶಕ್ಕೆ. ಅದನ್ನು ಮಾಡಿದವರು ಕಸುಬು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಕಂಪ್ಯೂಟರು ನಿಂತು ನಿಂತು ನಡೆಯತೊಡಗಿತು. ನೇಕಾರ ಹೊಸದು ತಂದ. ಚಿತ್ತಾರಗಳನ್ನು ಅದಕ್ಕೆ ತುಂಬಿಸಿದ. ಹಳೆಯದನ್ನು ಅದೇ ದಿನ ಅಂಗಡಿಯವನಿಗೆ ಕೊಟ್ಟು ಬಂದ.

ಅವನ ಹೆಂಡತಿ ಕೇಳಿದಳು: "ಮಗ್ಗಕ್ಕೆ ಹೊಸ ಹಾಸುನೂಲು ಏರಿಸುವಾಗ ಹಳೆಯ ಹಾಸಿನ ತುದಿಗೆ ಒಂದೊಂದು ಎಳೆಯನ್ನೂ ಗಂಟು ಹಾಕುತ್ತೀರಿ. ಗಂಟು ಮುಗಿಯುವ ತನಕ ಹಳೆಯದಕ್ಕೆ ಕತ್ತರಿ ತಾಗಿಸಿದರೆ ನನ್ನನ್ನು ಬೈಯುತ್ತೀರಿ. ಇದನ್ನು ಮಾತ್ರ ಮೊದಲೇ ಕತ್ತರಿಸಿ ಬಂದಿರಲ್ಲ?"

"ಇದು ಮಗ್ಗವಲ್ಲ ಕಣೇ, ಬೇರೆ ವಿದ್ಯೆ" ಎಂದ ಅವನು.

ತಂತ್ರಾಂಶದ ಸಿಡಿ ಮನೆಯಲ್ಲಿ ಸಿಗಲಿಲ್ಲ. ಇಂಟರ್‌ನೆಟ್ಟಿನಲ್ಲಿ ಯಾರೋ ಇಟ್ಟಿದ್ದನ್ನು ಇಳಿಸಿಕೊಂಡ. ಇದನ್ನು ಕಳಿಸಿದವರು ಯಾರೆಂದು ತಿಳಿಯದು, ಒಳಗೆ ಬಿಡಲಾರೆ ಎಂದಿತು ಹೊಸ ಕಂಪ್ಯೂಟರಿನ ಕಾವಲು. ಅಂಗಡಿಯವನಿಗೆ ಫೋನ್ ಮಾಡಿದ. "ಕಾವಲು ಆರಿಸಿಬಿಡಿ ಯಜಮಾನರೇ, ಐದು ನಿಮಿಷದ ಕೆಲಸ. ಎಲ್ಲರೂ ಮಾಡುವುದು ಹಾಗೇ" ಎಂದ ಅಂಗಡಿಯವನು.

ಹೆಂಡತಿ ಲಾಳಿ ಕೆಳಗಿಟ್ಟು ಎದ್ದು ಬಂದಳು. "ನೆಂಟ ಬಂದರೆ ಬಾಗಿಲು ತೆಗೆಯುತ್ತಾರೆ. ಬಾಗಿಲನ್ನೇ ಕಿತ್ತು ಹಿತ್ತಲಿನಲ್ಲಿ ಒರಗಿಸುತ್ತಾರೇನ್ರೀ? ಅದೂ ಗುರುತಿಲ್ಲದ ನೆಂಟನಿಗೆ?"

ನೇಕಾರ ನಕ್ಕು ಕಾವಲನ್ನು ಆರಿಸಿದ. ತಂತ್ರಾಂಶ ಒಳಗೆ ಸೇರಿತು. ತಂದೆಯ ಚಿತ್ತಾರಗಳು ಒಂದೊಂದಾಗಿ ತೆರೆದವು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಬೀದಿಯವರನ್ನೆಲ್ಲ ಕರೆದು ತೋರಿಸಿದ. ಹೆಂಡತಿಯನ್ನು ಎರಡು ಸಲ ಕರೆದ.

ನಾಲ್ಕು ದಿನ ಸುಖವಾಗಿ ನೇಯ್ದ. ಐದನೆಯ ಬೆಳಿಗ್ಗೆ ಒಂದು ಚಿತ್ತಾರವೂ ತೆರೆಯಲಿಲ್ಲ. ತಂತ್ರಾಂಶದ ಬೆನ್ನಿಗೆ ಬೇರೇನೋ ಒಳಗೆ ಬಂದಿತ್ತು. ಅದು ಇದ್ದುದನ್ನೆಲ್ಲ ಕೆಡಿಸಿತ್ತು. ಅಂಗಡಿಗೆ ಓಡಿದ. ಅವನ ಹಳೆಯ ಕಂಪ್ಯೂಟರನ್ನು ಬಿಚ್ಚಿ ಮಾರಿಯಾಗಿತ್ತು.

ಹೆಂಡತಿ ಬೈಯಲಿಲ್ಲ. ಪೆಟ್ಟಿಗೆಯಿಂದ ತನ್ನ ಧಾರೆಯ ಸೀರೆ ತೆಗೆದು ಹಾಸಿದಳು. ಅದರ ಅಂಚು ಮಾವ ಬರೆದದ್ದು. ಸೂಜಿಯ ಮೊನೆ ಇಟ್ಟು ಅವಳು ಎಳೆ ಎಣಿಸಿ ಹೇಳಿದಳು. ಅವನು ಚೌಕುಳಿ ಹಾಳೆಯಲ್ಲಿ ಎಳೆಗೊಂದು ಚೌಕದಂತೆ ತುಂಬಿದ. ಆ ಒಂದು ಅಂಚು ಮರಳಿ ಬರಲು ಎರಡು ತಿಂಗಳು ಹಿಡಿಯಿತು. ಉಳಿದವುಗಳ ಸೀರೆ ಮನೆಯಲ್ಲಿ ಇರಲಿಲ್ಲ. ಅವು ಹೋದವು.

ಆಮೇಲೆ ಬೇರೆ ಊರಿನ ನೇಕಾರನೊಬ್ಬನ ಬಳಿ ಆ ತಂತ್ರಾಂಶದ ಅಸಲು ಸಿಡಿ ಇರುವುದು ತಿಳಿಯಿತು. ಕೇಳಿ ತಂದ. ಈ ಸಲ ಅದಕ್ಕೆಂದೇ ಒಂದು ಬೇರೆ ಕಂಪ್ಯೂಟರು ಇಟ್ಟ. ಅದಕ್ಕೆ ಇಂಟರ್‌ನೆಟ್ಟಿನ ತಂತಿ ಕೊಡಲಿಲ್ಲ. ಮರಳಿ ಬಂದ ಅಂಚಿನ ಒಂದು ಪ್ರತಿಯನ್ನು ಮೊದಲೇ ಹೆಂಡತಿಯ ಪೆಟ್ಟಿಗೆಯಲ್ಲಿ ಇಡಿಸಿದ. ಹಳೆಯ ತಂತ್ರಾಂಶ ಅಲ್ಲೇ, ತನ್ನ ಕೋಣೆಯಲ್ಲೇ ಕೆಲಸ ಮಾಡಿಕೊಂಡಿತ್ತು. ಹೊಸ ಕಂಪ್ಯೂಟರಿನ ಕಾವಲನ್ನು ಯಾರೂ ಮುಟ್ಟಲಿಲ್ಲ.

ಗುರುಗಳು ಕಥೆ ಮುಗಿಸಿದರು. ನಿಜಗುಣ ಕೇಳಿದ.

"ಹಾಗಾದರೆ ತಪ್ಪು ಅಂಗಡಿಯವನದೇ, ಬುದ್ಧಿ. ಆರಿಸು ಎಂದವನು ಅವನಲ್ಲವೇ?"

"ಅಂಗಡಿಯವನು ಇರಲಿ ನಿಜಗುಣ, ಮೊನ್ನೆಯೇ ಹೊಸ ಕಂಪ್ಯೂಟರಿನಲ್ಲಿ ಆ ಪಂಚಾಂಗ ತೆರೆದು ಗೃಹಪ್ರವೇಶಕ್ಕೆ ದಿನ ಹೇಳಿದೆಯಲ್ಲ, ಆಮೇಲೆ ಕಾವಲನ್ನು ಮತ್ತೆ ಹಚ್ಚಿದೆಯಾ?"