ನೀರಿನ ಮೇಲಿನ ಬೆಳಕು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನಾನು ತಪ್ಪುವುದು ನಿಮಗೆ ಕಾಣುತ್ತದೆ. ನೀವು ಕೈಹಾಕಿದರೆ ಕ್ಷಣದಲ್ಲಿ ಸರಿಹೋಗುತ್ತದೆ. ಆದರೂ ಸುಮ್ಮನಿರುತ್ತೀರಿ. ಏಕೆ?"

ಗುರುಗಳು ಹೇಳತೊಡಗಿದರು.

ಒಬ್ಬ ಚಿತ್ರಕಾರನಿದ್ದ. ಸಂಜೆಯ ಹೊತ್ತು ವಿದ್ಯಾರ್ಥಿಗಳನ್ನು ಕಡಲತೀರಕ್ಕೆ ಕರೆದೊಯ್ದು ಸೂರ್ಯಾಸ್ತ ಬಿಡಿಸಲು ಕಲಿಸುತ್ತಿದ್ದ. ಅವರಲ್ಲಿ ವತ್ಸಲೆ ಎಂಬ ಹುಡುಗಿಗೆ ಆಕಾಶ ಒಲಿದಿತ್ತು, ನೀರು ಒಲಿದಿರಲಿಲ್ಲ. ನೀಲಿ ಆರುವ ಮೊದಲೇ ಅದರ ಮೇಲೆ ಕಿತ್ತಳೆ ಹಚ್ಚುತ್ತಿದ್ದಳು. ಎರಡೂ ಬೆರೆತು ಕಡಲು ಕೆಸರಾಗುತ್ತಿತ್ತು.

ಒಂದು ಸಂಜೆ ಚಿತ್ರಕಾರನಿಗೆ ತಡೆಯಲಾಗಲಿಲ್ಲ. ಅವಳ ಕೈಯಿಂದ ಕುಂಚ ತೆಗೆದುಕೊಂಡು ಒರೆಸಿದ. ಅದನ್ನು ತಿಳಿಹಳದಿಯಲ್ಲಿ ದಟ್ಟವಾಗಿ ಅದ್ದಿ, ಬಾನಂಚಿನಿಂದ ದಡದವರೆಗೆ ಕೆಲವು ಗೆರೆ ಎಳೆದ. ಕಡಲು ಹೊಳೆಯಿತು. ಎಲ್ಲರೂ ಹೊಗಳಿದರು. ಆ ಚಿತ್ರವನ್ನು ಅವನ ಚಿತ್ರಶಾಲೆಯ ಮುಂಬಾಗಿಲಲ್ಲಿ ತೂಗುಹಾಕಿದರು. ವತ್ಸಲೆ ಆ ಬಾಗಿಲು ಬಿಟ್ಟು ಹಿಂಬಾಗಿಲಿನಿಂದ ಬರತೊಡಗಿದಳು.

ಅಂದಿನಿಂದ ಅವಳು ಆಕಾಶ ಬಿಡಿಸುವಳು, ಬಂಡೆ ಬಿಡಿಸುವಳು. ನೀರಿನ ಮೇಲಿನ ಬೆಳಕಿಗೆ ಬಂದಾಗ ಕುಂಚ ಕೆಳಗಿಟ್ಟು ಚಿತ್ರಕಾರನತ್ತ ನೋಡುವಳು. ಅವನು ಬಂದು ಗೆರೆ ಎಳೆಯುವನು. ಚಿತ್ರಗಳೆಲ್ಲ ಚೆನ್ನಾಗಿ ಬಂದವು. ಹುಡುಗಿ ಸೊರಗಿದಳು.

ಒಂದು ದಿನ ಅವಳು ಬಣ್ಣದ ಪೆಟ್ಟಿಗೆಯನ್ನು ಅವನ ಮುಂದಿಟ್ಟಳು. "ಸರ್, ಇನ್ನು ನಾನು ಬರುವುದಿಲ್ಲ. ಇವು ಯಾವುವೂ ನನ್ನ ಚಿತ್ರಗಳಲ್ಲ."

ಚಿತ್ರಕಾರ ಪೆಟ್ಟಿಗೆಯನ್ನು ಮತ್ತೆ ಅವಳ ಕೈಗಿಟ್ಟ. ಬಳಿಕ, "ಇದೊಂದು ಸಂಜೆ ಬಾರಮ್ಮ" ಎಂದ.

ಅಂದೂ ಅವಳು ನೀರಿನ ಮೇಲಿನ ಬೆಳಕಿಗೆ ಬಂದು ಕುಂಚ ಕೆಳಗಿಟ್ಟಳು. ಅವನತ್ತ ತಿರುಗಿದಳು. ಅವನು ಬೆನ್ನ ಹಿಂದೆ ಕೈಕಟ್ಟಿ ಕಡಲು ನೋಡುತ್ತಿದ್ದ.

"ಸರ್, ಹೊತ್ತು ಮುಳುಗುತ್ತಿದೆ."

ಅವನು ಅಲುಗಲಿಲ್ಲ. ಅವಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಕುಂಚ ಎತ್ತಿಕೊಂಡಳು. ಮೊದಲ ಗೆರೆ ನಡುವೆ ಒಡೆಯಿತು, ಇನ್ನೊಂದು ಅಡ್ಡಾದಿಡ್ಡಿಯಾಯಿತು. ಅವಳು ನಿಲ್ಲಿಸಲಿಲ್ಲ. ಕತ್ತಲಾಗಿ ಬಣ್ಣ ಕಾಣದಾಗುವವರೆಗೂ ಎಳೆಯುತ್ತಲೇ ಇದ್ದಳು. ಚಿತ್ರಕಾರ ಹಿಂದೆ ಕಟ್ಟಿದ್ದ ಕೈಗಳನ್ನು ಇನ್ನಷ್ಟು ಬಿಗಿಹಿಡಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಆ ಚಿತ್ರ ಚೆನ್ನಾಗಿ ಬಂತೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು: "ಮಾರನೆಯ ಸಂಜೆ ಅವಳು ಅವನಿಗಾಗಿ ಕಾಯದೆ ಒಬ್ಬಳೇ ಕಡಲಿಗೆ ಹೋದಳು."