ದುಗ್ಗಿ ಬಿಚ್ಚಿದ ಗಂಟು

ಮಕ್ಕಳೇ, ಕಾಡಿನ ಅಂಚಿನಲ್ಲೊಂದು ಬೂರುಗದ ಮರವಿತ್ತು. ಅದರ ಬುಡದ ಬಿಲದಲ್ಲಿ ದುಗ್ಗಿ ಎಂಬ ಇಲಿ ಮರಿಗಳೊಂದಿಗೆ ವಾಸವಾಗಿದ್ದಳು. ಅವಳಿಗೆ ಎಲ್ಲದರಲ್ಲೂ ಅನುಮಾನ. ಮಂಜಿನ ಹನಿಯನ್ನೂ ಮೂಸಿ ನೋಡದೆ ಕುಡಿದವಳಲ್ಲ!

ಮಳೆಗಾಲ ಹತ್ತಿರವಾಯಿತು. ಮಳೆ ಹಿಡಿದರೆ ಹೊರಗೆ ಕಾಲಿಡುವಂತಿಲ್ಲ, ಅಷ್ಟರೊಳಗೆ ಮರಿಗಳಿಗೆ ತಿನ್ನಲು ಕೂಡಿಡಬೇಕು. ದುಗ್ಗಿ ಬೂರುಗದ ಅರಳೆ ಹೊತ್ತು ಮಾದಪ್ಪ ಅಳಿಲಿನ ಬಳಿ ಹೋದಳು. ಅವನು ಗೂಡಿಗೆ ಅರಳೆ ಪಡೆದು, ಬದಲಿಗೆ ಕಾಡುಬಾದಾಮಿ ಕೊಡುತ್ತಿದ್ದ. ಆದರೆ ಎಲ್ಲ ಮುತ್ತುಗದೆಲೆಯಲ್ಲಿ ಕಟ್ಟಿಟ್ಟ ಗಂಟು, ಬಿಚ್ಚಿ ಆರಿಸುವಂತಿಲ್ಲ. ಹುಳುಕು ಸಿಕ್ಕರೆ ಅಷ್ಟಕ್ಕೆ ಬೇರೆ ಕೊಡುತ್ತಿದ್ದ.

'ಮುಚ್ಚಿಡುವಂಥದ್ದು ಇಲ್ಲದಿದ್ದರೆ ಗಂಟು ಯಾಕೆ ಕಟ್ಟುತ್ತಾನೆ?' ಎಂದುಕೊಂಡಳು ದುಗ್ಗಿ. ನೆರೆಯ ಮುಳ್ಳುಹಂದಿ ಬೋರಕ್ಕ ಏನೂ ಪರೀಕ್ಷಿಸದೆ ತನ್ನ ಗಂಟುಗಳನ್ನು ಹೊತ್ತು ನಡೆದಳು. ಇವಳೂ ಅವನ ಜೊತೆ ಸೇರಿಕೊಂಡಿರಬೇಕು ಎಂದು ದುಗ್ಗಿಗೆ ಅನ್ನಿಸಿತು.

"ಬಿಚ್ಚಿ ತೋರಿಸು," ಎಂದಳು.

"ಎಲ್ಲರೂ ಆರಿಸುತ್ತ ಕೂತರೆ ಮಳೆ ಬಂದರೂ ನನ್ನ ವ್ಯಾಪಾರ ಮುಗಿಯೋದಿಲ್ಲ, ತಾಯಿ. ಕೊನೆಗೆ ಬಂದವರಿಗೆ ಹುಳುಕೇ ಉಳಿಯುತ್ತೆ," ಎಂದ ಮಾದಪ್ಪ.

ಮಾತು ಎಷ್ಟು ನಯ! ದುಗ್ಗಿಯ ಅನುಮಾನ ಇಮ್ಮಡಿಯಾಯಿತು. ಆದರೂ ಅರಳೆ ಕೊಟ್ಟು, ಗಂಟನ್ನು ಮನೆಗೆ ಎಳೆದು ತಂದು, ಒಂದೊಂದೇ ಚಿಪ್ಪು ಒಡೆದು ನೋಡಿದಳು. ಬೀಜ ಚೆನ್ನಾಗಿತ್ತು. ಮುಂದಿನದೂ ಚೆನ್ನಾಗಿತ್ತು. ಕಳ್ಳ ಹುಳುಕನ್ನು ಅಡಿಯಲ್ಲಿಟ್ಟಿರಬೇಕೆಂದು ಹಲ್ಲು ನೋಯುವವರೆಗೂ ಒಡೆದಳು. ಒಂದೂ ಹುಳುಕಿರಲಿಲ್ಲ. ಆಗ ನೆಮ್ಮದಿಯಾಗಿ ಮಲಗಿದಳು.

ಮಳೆ ಹಿಡಿಯಿತು. ಚಿಪ್ಪಿಲ್ಲದ ಬೀಜಕ್ಕೆ ಥಂಡಿ ತಾಗಿ, ಕೆಲವೇ ದಿನಗಳಲ್ಲಿ ರಾಶಿಯೆಲ್ಲ ಬೂಷ್ಟು ಹಿಡಿಯಿತು. ಮರಿಗಳು ಹಸಿದು ಅಳತೊಡಗಿದವು. ದುಗ್ಗಿ ನೆನೆಯುತ್ತ ಓಡಿ ಮಾದಪ್ಪನ ಮರದಡಿ ನಿಂತು ಬದಲಿ ಕೇಳಿದಳು.

"ಎಷ್ಟು ಹುಳುಕಿತ್ತು?" ಎಂದ ಅವನು.

"ಒಂದೂ ಇರಲಿಲ್ಲ," ಎಂದಳು ದುಗ್ಗಿ.

"ಹಾಗಾದರೆ ಯಾವುದಕ್ಕೆ ಬದಲಿ ಕೊಡಲಿ, ತಾಯಿ? ಕೊಡೋಣವೆಂದರೂ ಈಗ ಗಂಟೇ ಉಳಿದಿಲ್ಲ."

ಕೊನೆಗೆ ಬೋರಕ್ಕನೇ ತನ್ನದೊಂದು ಗಂಟು ಕೊಡಲು ಒಪ್ಪಿದಳು. ಬದಲಿಗೆ ದುಗ್ಗಿ ಮರಿಗಳ ಹಾಸಿಗೆಯ ಅರಳೆ ಕೊಡಬೇಕಾಯಿತು. ದಾರಿಯಲ್ಲಿ ಅವಳ ಮೂಗು ತಾನಾಗಿ ಗಂಟಿನತ್ತ ಹೋಯಿತು. ನಾಚಿಕೆಯಿಂದ ಮುಖ ತಿರುಗಿಸಿ ಬೇಗಬೇಗ ನಡೆದಳು. ಮಳೆಗಾಲವೆಲ್ಲ ಮರಿಗಳು ಹೊಟ್ಟೆತುಂಬ ತಿಂದು ಬರಿನೆಲದಲ್ಲಿ ಮಲಗಿದವು. ಆ ಗಂಟಿನಲ್ಲಿ ನಾಲ್ಕಾರು ಹುಳುಕಿದ್ದವು, ದುಗ್ಗಿ ಅವನ್ನು ಆಚೆ ಎಸೆದು ಉಳಿದವನ್ನು ಮರಿಗಳಿಗೆ ಹಂಚಿದಳು.

ನೀತಿ: ಪರೀಕ್ಷೆಗೂ ಒಂದು ಬೆಲೆಯಿದೆ, ಅದು ಸರಕಿನ ಬೆಲೆಯನ್ನೇ ನುಂಗದಂತೆ ನೋಡಿಕೊಳ್ಳಬೇಕು.